ಬಾಹ್ಯಾಕಾಶದ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್ ಕಲಿಯಬೇಕು ಅನ್ನುವ ಶಿರಸಿಯ ಹುಡುಗಿಗೆ ದಾರಿ ಯಾವುದು?

ಶಿರಸಿ_ಮಾಸ್ತರು

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಡಿಗ್ರಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. 2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದನ್ನು ತೆಗೆದ ರೇಡಿಯೊ ದೂರದರ್ಶಕಗಳ ರಿಸೀವರ್‌ನಲ್ಲಿ ಸೂಪರ್‌ಕಂಡಕ್ಟರ್ (ತೀರಾ ತಣಿಸಿದಾಗ ವಿದ್ಯುತ್ ರೋಧವೇ ಇಲ್ಲದಾಗುವ ವಸ್ತು) ಇತ್ತು ಅಂತ ಎಲ್ಲೋ ಓದಿದ್ದಾಳೆ. ಅಲ್ಲಿಂದ ಶುರುವಾದದ್ದು ಈಗ ಬಾಹ್ಯಾಕಾಶಕ್ಕೆ ಹೋಗುವ ಡಿಟೆಕ್ಟರ್‌ಗಳ ತನಕ ಬಂದಿದೆ. "ಸರ್, ಇವನ್ನು ಮಾಡುವವರು ಎಲ್ಲಿ ಕಲಿಯುತ್ತಾರೆ?" ಅಂತ ಕೇಳಿದಳು.

ಪುಸ್ತಕದಲ್ಲಿ ಇರುವುದನ್ನು ನಾನು ಹೇಳಿಕೊಡುತ್ತೇನೆ. 1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ಗೆ (ಸುಮಾರು ಮೈನಸ್ 269 ಡಿಗ್ರಿ) ತಣಿಸಿದಾಗ ರೋಧ ಥಟ್ಟನೆ ಮಾಯವಾದದ್ದು, ಎಲೆಕ್ಟ್ರಾನ್‌ಗಳು ಜೋಡಿಯಾಗುವುದು, ಇದೆಲ್ಲ ಸಿಲೆಬಸ್‌ನಲ್ಲೇ ಇದೆ. ಅಲ್ಲಿಂದ ಮುಂದಿನ ದಾರಿಯನ್ನು ನಡೆದವರೇ ಹೇಳಬೇಕು. ಮನೆಯವರದ್ದು ಚಿಕ್ಕ ಅಡಿಕೆ ತೋಟ. ಬಿ.ಎಡ್. ಮಾಡಿಸಿ ಅಂತ ನೆಂಟರು ಹೇಳುತ್ತಿದ್ದಾರೆ. ಈ ಗುಂಪಿನಲ್ಲಿ ಸಂಶೋಧನೆಯಲ್ಲಿರುವ ನಮ್ಮ ಜಿಲ್ಲೆಯವರು ಇದ್ದೀರಿ. ದಯವಿಟ್ಟು ಬಿಡಿಸಿ ಹೇಳಿ. ಕಾಲೇಜಿನ ಲ್ಯಾಬಿನಲ್ಲಿ ಈಗಿನಿಂದಲೇ ಏನು ಮಾಡಿಸಬಹುದು ಅಂತಲೂ ಹೇಳಿ.

ತೋಟದಮನೆ_ಭಾವ

ಮಾಸ್ತರೆ, ಮೊದಲು ಕೆಲಸದ ಮಾತು ಆಗಲಿ. ಇಷ್ಟು ಓದಿದ ಮೇಲೆ ಏನು? ಹುಡುಗಿ ಜಾಣೆ, ಒಪ್ಪಿದೆ. ಆದರೆ ಅಡಿಕೆಗೆ ಕೊಳೆ ರೋಗ ಬಂದ ವರ್ಷ ಮನೆ ಖರ್ಚಿಗೇ ಕಷ್ಟ. ವರ್ಷಗಟ್ಟಲೆ ಓದಿಸಲು ಆ ಅಪ್ಪನ ಕೈಯಲ್ಲಿ ಆಗುತ್ತದಾ?

ಕುಮಟೆಯಿಂದ_ಡೆಲ್ಫ್ಟ್

ಮಾಸ್ತರೆ, ನಾನು ಕುಮಟೆಯವಳು. ಈಗ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು.

ಸೂಪರ್‌ಕಂಡಕ್ಟರೇ ಯಾಕೆ ಬೇಕು ಅನ್ನುವುದು ಅವಳಿಗೆ ಮೊದಲು ಗಟ್ಟಿಯಾಗಲಿ. ಫೋನ್ ಕ್ಯಾಮೆರಾದ ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನ್ ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ನಕ್ಷತ್ರಗಳು ಹುಟ್ಟುವ ದೂಳಿನ ಮೋಡಗಳಿಂದ ಬರುವ ದೂರದ ಇನ್‌ಫ್ರಾರೆಡ್ ಬೆಳಕಿನ ಒಂದು ಫೋಟಾನ್‌ಗೆ, ಅಂದರೆ ಬೆಳಕಿನ ಒಂದು ಕಣಕ್ಕೆ, ಅಷ್ಟು ಶಕ್ತಿ ಇಲ್ಲವೇ ಇಲ್ಲ. ಸಿಲಿಕಾನ್ ಅದನ್ನು ನೋಡುವುದೇ ಇಲ್ಲ. ಅಲ್ಯೂಮಿನಿಯಂ ಹಾಳೆಯನ್ನು 1.2 ಕೆಲ್ವಿನ್‌ಗಿಂತ ಸಾಕಷ್ಟು ಕೆಳಗೆ ಇಳಿಸಿದರೆ, ಅದರೊಳಗಿನ ಒಂದು ಎಲೆಕ್ಟ್ರಾನ್ ಜೋಡಿ ಒಡೆಯಲು ಎಲೆಕ್ಟ್ರಾನ್ ವೋಲ್ಟಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಸಾಕು. ಸಿಲಿಕಾನ್‌ಗೆ ಕಾಣದ ಫೋಟಾನ್ ಇಲ್ಲಿ ಜೋಡಿ ಒಡೆಯುತ್ತದೆ. ಇಡೀ ವಿದ್ಯೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಇದರಲ್ಲಿ ಎರಡು ದೊಡ್ಡ ಕುಟುಂಬಗಳಿವೆ. ಒಂದು ಟಿಇಎಸ್, ಅಂದರೆ ಟ್ರಾನ್ಸಿಷನ್ ಎಡ್ಜ್ ಸೆನ್ಸರ್. ಸೂಪರ್‌ಕಂಡಕ್ಟರ್ ಆಗುವ ಹೊಸ್ತಿಲಿನಲ್ಲೇ ಲೋಹದ ತೆಳುಪದರವನ್ನು ಹಿಡಿದು ನಿಲ್ಲಿಸುತ್ತಾರೆ. ಅಲ್ಲಿ ಚೂರೇ ಚೂರು ಬಿಸಿಯಾದರೂ ರೋಧ ಜೋರಾಗಿ ಏರುತ್ತದೆ. ಇನ್ನೊಂದು ಕಿಡ್, ಅಂದರೆ ಕೈನೆಟಿಕ್ ಇಂಡಕ್ಟನ್ಸ್ ಡಿಟೆಕ್ಟರ್, ನಾನು ಕೆಲಸ ಮಾಡುವುದು ಇದರಲ್ಲೇ. ಅದನ್ನು ಅಮೆರಿಕದ ಕ್ಯಾಲ್‌ಟೆಕ್ ಮತ್ತು ಜೆಪಿಎಲ್ ಸಂಸ್ಥೆಗಳ ಪೀಟರ್ ಡೇ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಪ್ರತಿ ಪಿಕ್ಸೆಲ್ ಒಂದೊಂದು ಮೈಕ್ರೋವೇವ್ ಅನುರಣಕ, ಅಂದರೆ ತನ್ನದೇ ಒಂದು ಆವರ್ತನದಲ್ಲಿ ಮಿಡಿಯುವ ಪುಟ್ಟ ಸರ್ಕ್ಯೂಟ್. ಫೋಟಾನ್ ಬಿದ್ದರೆ ಅದರ ಆವರ್ತನ ತುಸು ಜಾರುತ್ತದೆ. ರೇಡಿಯೊ ತಿರುಗಿಸುತ್ತಾ ಹೋದರೆ ಕಾರವಾರ ಆಕಾಶವಾಣಿ ಒಂದು ಕಡೆ, ಧಾರವಾಡ ಇನ್ನೊಂದು ಕಡೆ ಸಿಗುತ್ತದಲ್ಲ, ಹಾಗೆ ಪ್ರತಿ ಪಿಕ್ಸೆಲ್‌ಗೆ ಅದರದ್ದೇ ಜಾಗ. ಸಾವಿರದಷ್ಟು ಪಿಕ್ಸೆಲ್‌ಗಳನ್ನು ಒಂದೇ ತಂತಿಯಲ್ಲಿ ಓದಬಹುದು. ಬಾಹ್ಯಾಕಾಶಕ್ಕೆ ಇದು ದೊಡ್ಡ ಅನುಕೂಲ, ಯಾಕೆಂದರೆ ಒಂದೊಂದು ತಂತಿಯೂ ಒಳಗೆ ಶಾಖ ತರುತ್ತದೆ.

ತರಬೇತಿಯ ವಿಷಯ ಬರೆಯುತ್ತೇನೆ, ಈಗ ಲ್ಯಾಬಿಗೆ ಹೋಗಬೇಕು.

ಕಾಳಿ_ತೀರ

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಲ್ಲಿ ಇರುವುದೂ ಇದೇ ಅಲ್ವಾ? ಅದನ್ನೂ ಸಿಕ್ಕಾಪಟ್ಟೆ ತಣ್ಣಗೆ ಇಟ್ಟಿದ್ದಾರೆ.

ಹೊನ್ನಾವರ_ಅಕ್ಕೋರು

ಅಲ್ಲ. ವೆಬ್‌ನಲ್ಲಿ ಇರುವುದೆಲ್ಲ ಅರೆವಾಹಕ ಡಿಟೆಕ್ಟರ್‌ಗಳು. ಹತ್ತಿರದ ಇನ್‌ಫ್ರಾರೆಡ್‌ಗೆ ಪಾದರಸ, ಕ್ಯಾಡ್ಮಿಯಂ, ಟೆಲ್ಯುರಿಯಂ ಸೇರಿದ್ದು. ಮಿರಿ ಅನ್ನುವ ಉಪಕರಣಕ್ಕೆ ಆರ್ಸೆನಿಕ್ ಬೆರೆಸಿದ ಸಿಲಿಕಾನ್. ಮಿರಿಯನ್ನು 7 ಕೆಲ್ವಿನ್‌ಗಿಂತ ಕೆಳಗೆ ಇಟ್ಟಿದ್ದಾರೆ, ಅದು ನಿಜ. ತಣ್ಣಗೆ ಇದ್ದದ್ದೆಲ್ಲ ಸೂಪರ್‌ಕಂಡಕ್ಟರ್ ಅಲ್ಲ. ಮಕ್ಕಳಿಗೂ ಇದೇ ಗೊಂದಲ ಜಾಸ್ತಿ.

ಕಾಳಿ_ತೀರ

ಹಾಗಾದರೆ ಸೂಪರ್‌ಕಂಡಕ್ಟರ್ ಬಾಹ್ಯಾಕಾಶಕ್ಕೆ ಇನ್ನೂ ಹೋಗಿಯೇ ಇಲ್ಲವಾ?

ಹೊನ್ನಾವರ_ಅಕ್ಕೋರು

ಹೋಗಿದೆ. ಯುರೋಪಿನ ಹರ್ಷೆಲ್ ದೂರದರ್ಶಕ 2009ರ ಮೇ 14ರಂದು ಹಾರಿತು. 3.5 ಮೀಟರ್ ಕನ್ನಡಿ. ಅದರ ಹೈಫೈ ಉಪಕರಣದಲ್ಲಿ ಸೂಪರ್‌ಕಂಡಕ್ಟಿಂಗ್ ಮಿಕ್ಸರ್‌ಗಳಿದ್ದವು (ಆಕಾಶದಿಂದ ಬಂದ ಸಿಗ್ನಲ್ ಅನ್ನು ಕಡಿಮೆ ಆವರ್ತನಕ್ಕೆ ಇಳಿಸುವ ಭಾಗ). ಕಪ್ಪುಕುಳಿಯ ಚಿತ್ರಕ್ಕೆ ಬಳಸಿದ ರಿಸೀವರ್‌ಗಳದ್ದೂ ಅದೇ ಜಾತಿ. 2013ರ ಏಪ್ರಿಲ್‌ನಲ್ಲಿ ಹರ್ಷೆಲ್‌ನ ದ್ರವ ಹೀಲಿಯಂ ಮುಗಿಯಿತು, ವೀಕ್ಷಣೆಯೂ ಮುಗಿಯಿತು. ದೂರದರ್ಶಕ ಗಟ್ಟಿಯಾಗಿಯೇ ಇತ್ತು, ತಣಿಸಲು ಏನೂ ಉಳಿದಿರಲಿಲ್ಲ.

ಕುಮಟೆಯಿಂದ_ಡೆಲ್ಫ್ಟ್

ಅಕ್ಕೋರು ಹೇಳಿದ್ದು ಸರಿ. ಕಿಡ್ ವಿಷಯದಲ್ಲಿ ಒಂದು ಸೇರಿಸುತ್ತೇನೆ. 2018ರಲ್ಲಿ ಒಲಿಂಪೊ ಅನ್ನುವ ಬಲೂನ್ ದೂರದರ್ಶಕ ಕಿಡ್‌ಗಳನ್ನು ವಾಯುಮಂಡಲದ ಮೇಲ್ಪದರಕ್ಕೆ ಕೊಂಡೊಯ್ದಿತ್ತು. ಮುಂದಿನದು ದೊಡ್ಡ ಹೆಜ್ಜೆ. ನಾಸಾ 2024ರ ಅಕ್ಟೋಬರ್‌ನಲ್ಲಿ ಪ್ರೈಮಾ ಅನ್ನುವ ದೂರ ಇನ್‌ಫ್ರಾರೆಡ್ ದೂರದರ್ಶಕದ ಪ್ರಸ್ತಾವವನ್ನು ವಿವರವಾದ ಅಧ್ಯಯನಕ್ಕೆ ಆರಿಸಿತು. ಅದರಲ್ಲಿ ಕಿಡ್‌ಗಳೇ ಇವೆ. ಎಕ್ಸ್-ರೇ ಕಡೆ ಯುರೋಪ್ ಮಾಡಲಿರುವ ನ್ಯೂಅಥೆನಾ ದೂರದರ್ಶಕ ಟಿಇಎಸ್ ಬಳಸಲಿದೆ. ಅದು ಹಾರುವ ಹೊತ್ತಿಗೆ ಈಗಿನ ಬಿ.ಎಸ್ಸಿ. ಮಕ್ಕಳೇ ಅದನ್ನು ನಡೆಸುವ ವಯಸ್ಸಿಗೆ ಬಂದಿರುತ್ತಾರೆ.

ಯಾಣ_ಕ್ರಾಸ್

ಅಂದರೆ ಈಗ ತಯಾರಿ ಮಾಡಿದರೆ ಸರಿಯಾದ ಹೊತ್ತು.

ಅಂಕೋಲೆ_ಲ್ಯಾಬ್_ಅಕ್ಕ

ನಾನು ಬೆಂಗಳೂರಿನ ಒಂದು ಕಡಿಮೆ ಉಷ್ಣತೆಯ ಲ್ಯಾಬಿನಲ್ಲಿ ತಾಂತ್ರಿಕ ಸಿಬ್ಬಂದಿ. ಹೊಸದಾಗಿ ಬರುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಮಾಸ್ತರೆ, ನಿಮ್ಮ ಹುಡುಗಿಗೆ ಒಂದು ಮಾತು ಹೇಳಿ. ಇಲ್ಲಿ ಮೊದಲ ವರ್ಷ ಖಗೋಳ ಇರುವುದಿಲ್ಲ. ನಿರ್ವಾತ ಇರುತ್ತದೆ.

ಡಿಟೆಕ್ಟರ್ ತಣ್ಣಗಿಡುವ ಕ್ರಯೋಸ್ಟಾಟ್ ಅಂದರೆ ಪಾತ್ರೆಯೊಳಗೆ ಪಾತ್ರೆ. ನಡುವೆ ಗಾಳಿ ಇರಬಾರದು. ಫ್ಲ್ಯಾಂಜ್ (ಪಾತ್ರೆಯ ಬಾಯಿಯ ಅಂಚು) ಮುಚ್ಚುವಾಗ ಓ-ರಿಂಗ್ ಅನ್ನುವ ರಬ್ಬರ್ ಬಳೆಯ ಮೇಲೆ ಒಂದು ಕೂದಲು ಬಿದ್ದರೂ ಲೀಕ್. ತೀರಾ ತಣ್ಣಗಿನ ಕಡೆ ರಬ್ಬರ್ ಕಲ್ಲಾಗಿಬಿಡುತ್ತದೆ, ಅಲ್ಲಿ ಇಂಡಿಯಂ ಲೋಹದ ತಂತಿ ಒತ್ತಿ ಮುಚ್ಚುತ್ತೇವೆ. ಆಮೇಲೆ ಹೊರಗಿನಿಂದ ಹೀಲಿಯಂ ಊದಿ, ಒಳಗೆ ಬಂತಾ ಅಂತ ಲೀಕ್ ಡಿಟೆಕ್ಟರ್‌ನಲ್ಲಿ ನೋಡುತ್ತೇವೆ. ಕೋಣೆಯ ಬಿಸಿಯಲ್ಲಿ ಲೀಕ್ ಇಲ್ಲ ಅಂತ ತೋರಿಸಿದ್ದು ತಣ್ಣಗಾದ ಮೇಲೆ ಬಿಟ್ಟುಕೊಳ್ಳಬಹುದು. ಹೀಲಿಯಂ 2.17 ಕೆಲ್ವಿನ್‌ಗಿಂತ ಕೆಳಗೆ ಸೂಪರ್‌ಫ್ಲೂಯಿಡ್ ಆಗುತ್ತದೆ. ಆಗ ಬೇರೆ ಯಾವುದೂ ನುಸುಳದ ಸಂದಿಯಲ್ಲೂ ಅದು ನುಸುಳುತ್ತದೆ.

ತಣಿಸಲು ಒಂದು ದಿನಕ್ಕೂ ಮೇಲೆ ಹಿಡಿಯುತ್ತದೆ. ಒಳಗೆ ಒಂದು ತಂತಿ ಬಿಟ್ಟುಹೋಗಿದೆ ಅಂತ ಆಮೇಲೆ ಗೊತ್ತಾದರೆ ಎಲ್ಲ ಬಿಸಿ ಮಾಡಿ, ತೆರೆದು, ಮತ್ತೆ ಮೊದಲಿನಿಂದ. ಅದಕ್ಕೇ ಮುಚ್ಚುವ ಮೊದಲು ಪ್ರತಿ ತಂತಿಯನ್ನೂ ಮೀಟರ್ ಹಿಡಿದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಾನು ಕಲಿಸುವುದು ಇದೇ. ರ‍್ಯಾಂಕ್ ಬಂದ ಮಕ್ಕಳು ಕೆಲವರು ಇದಕ್ಕೆ ಬೇಜಾರು ಮಾಡಿಕೊಂಡು ಬಿಟ್ಟು ಹೋಗುತ್ತಾರೆ. ತಾಳ್ಮೆ ಇದ್ದವರು ನಿಲ್ಲುತ್ತಾರೆ. ಒಳ್ಳೆಯ ಡಿಟೆಕ್ಟರ್ ವಿಜ್ಞಾನಿ ಆಗುವುದು ಅವರೇ. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಬೈತಖೋಲ್_ಐಸ್

ನಾನು ಕಾರವಾರ ಬೈತಖೋಲ್‌ನಲ್ಲಿ ಐಸ್ ಪ್ಲಾಂಟಿನ ಕಂಪ್ರೆಸರ್ ನೋಡಿಕೊಳ್ಳುತ್ತೇನೆ. ಐಟಿಐ ಓದಿದ್ದು. ನಮ್ಮದು ಅಮೋನಿಯಾ ಗ್ಯಾಸ್, ಬೋಟಿನವರಿಗೆ ಐಸ್ ಕೊಡುವುದು. ನಮಗೂ ದಿನಾ ಲೀಕ್ ಹುಡುಕುವುದೇ ಕೆಲಸ. ಅಕ್ಕ, ಒಂದು ಪ್ರಶ್ನೆ. ಇಂಥ ಡಿಟೆಕ್ಟರ್‌ಗಳನ್ನು 0.1 ಕೆಲ್ವಿನ್ ತನಕ ತಣಿಸುತ್ತಾರೆ ಅಂತ ಕೇಳಿದ್ದೇನೆ, ಅದನ್ನು ಹೇಗೆ ಮಾಡುತ್ತಾರೆ? ಅಲ್ಲೂ ಕಂಪ್ರೆಸರ್ ಇದೆಯಾ?

ಅಂಕೋಲೆ_ಲ್ಯಾಬ್_ಅಕ್ಕ

ಅಣ್ಣ, ಇದೆ! ಹೊರಗೆ ಹೀಲಿಯಂ ಗ್ಯಾಸಿನ ಕಂಪ್ರೆಸರ್ ಇರುತ್ತದೆ. ಅದು ಪಲ್ಸ್ ಟ್ಯೂಬ್ ಅನ್ನುವ ಕೊಳವೆಯಲ್ಲಿ ಗ್ಯಾಸನ್ನು ಒತ್ತಿ ಬಿಟ್ಟು ಮಾಡುತ್ತದೆ, 4 ಕೆಲ್ವಿನ್ ತನಕ ಇಳಿಸುತ್ತದೆ. ಅಲ್ಲಿಂದ ಕೆಳಗೆ ಬೇರೆ ಉಪಾಯ. ಹೀಲಿಯಂನ ಎರಡು ಬಗೆಗಳಾದ ಹೀಲಿಯಂ-3 ಮತ್ತು ಹೀಲಿಯಂ-4 ಬೆರೆಸಿ ತಣಿಸಿದರೆ ಸುಮಾರು 0.87 ಕೆಲ್ವಿನ್‌ಗಿಂತ ಕೆಳಗೆ ಮಿಶ್ರಣ ಎರಡು ಪದರವಾಗಿ ಬೇರೆಯಾಗುತ್ತದೆ. ಮೇಲಿನ ಪದರದ ಹೀಲಿಯಂ-3 ಕೆಳಗಿನ ಪದರಕ್ಕೆ ಇಳಿಯುವಾಗ ಶಾಖ ಹೀರಿಕೊಳ್ಳುತ್ತದೆ. ಕೆಳಗಿನಿಂದ ಅದನ್ನು ಪಂಪಿನಲ್ಲಿ ಎಳೆದು ಮತ್ತೆ ಮೇಲಕ್ಕೆ ಕಳಿಸುತ್ತಾ ಇರುತ್ತೇವೆ. 0.1 ಕೆಲ್ವಿನ್‌ನಲ್ಲಿ ಇದು ಹೊರಹಾಕುವ ಶಾಖ ಕೆಲವು ನೂರು ಮೈಕ್ರೋವ್ಯಾಟ್ ಅಷ್ಟೇ. ನಿಮ್ಮ ಪ್ಲಾಂಟಿನ ಲೆಕ್ಕದಲ್ಲಿ ಏನೂ ಅಲ್ಲ, ನಮಗೆ ಅದೇ ಎಲ್ಲ.

ನಿಮ್ಮಂಥ ಅನುಭವ ಇರುವವರು ಲ್ಯಾಬಿಗೆ ಬಹಳ ಬೇಕು. ಪಂಪಿನ ಸದ್ದು ಕೇಳಿಯೇ ಏನಾಗಿದೆ ಅಂತ ಹೇಳುವವರು ಸಿಗುವುದಿಲ್ಲ.

ಬೈತಖೋಲ್_ಐಸ್

ಬಾಹ್ಯಾಕಾಶದಲ್ಲಿ ಮೇಲೆ ಕೆಳಗೆ ಇಲ್ಲವಲ್ಲ. ಪದರ ಹೇಗೆ ನಿಲ್ಲುತ್ತದೆ?

ಕುಮಟೆಯಿಂದ_ಡೆಲ್ಫ್ಟ್

ಅಣ್ಣ, ಇದು ನಮ್ಮ ಸಂದರ್ಶನದಲ್ಲಿ ಕೇಳುವ ಪ್ರಶ್ನೆ! ಯುರೋಪಿನ ಪ್ಲಾಂಕ್ ಉಪಗ್ರಹದಲ್ಲಿ ತೆಳು ಕೊಳವೆಯಲ್ಲಿ ಎರಡನ್ನೂ ಬೆರೆಸಿ ಹರಿಸಿ, ಬಳಸಿದ ಗ್ಯಾಸನ್ನು ಹೊರಗೆ ಬಿಟ್ಟುಬಿಟ್ಟರು. 0.1 ಕೆಲ್ವಿನ್ ಸಿಕ್ಕಿತು. 2012ರ ಜನವರಿಯಲ್ಲಿ ಗ್ಯಾಸ್ ಮುಗಿಯಿತು. ಎಕ್ಸ್-ರೇ ಉಪಗ್ರಹಗಳಲ್ಲಿ ಇನ್ನೊಂದು ವಿಧಾನ ಇದೆ. ಒಂದು ವಿಶೇಷ ಲವಣಕ್ಕೆ ಜೋರಾದ ಕಾಂತಕ್ಷೇತ್ರ ಕೊಟ್ಟು, ಅದರ ಬಿಸಿಯನ್ನು ಹೊರಗೆ ದಾಟಿಸಿ, ಆಮೇಲೆ ಕ್ಷೇತ್ರವನ್ನು ನಿಧಾನ ಇಳಿಸುತ್ತಾರೆ. ಲವಣ ತಣ್ಣಗಾಗುತ್ತದೆ. ಪದರದ ಗೊಡವೆಯೇ ಇಲ್ಲ. ಆದರೆ ಆ ಕಾಂತಕ್ಷೇತ್ರ ಸೂಪರ್‌ಕಂಡಕ್ಟಿಂಗ್ ಡಿಟೆಕ್ಟರ್‌ಗೆ ತಾಗಬಾರದು, ಅದಕ್ಕೆ ಕವಚ ಬೇಕು.

ಯಾಣ_ಕ್ರಾಸ್

ಬೈತಖೋಲ್ ಅಣ್ಣ, ಸೂಪರ್ ಪ್ರಶ್ನೆ.

ಸದಾಶಿವಗಡ

ಎಲ್ಲ ಚಂದ. ಆದರೆ ನನ್ನ ತಕರಾರು ಇದೆ. ದೊಡ್ಡ ದೊಡ್ಡ ಯೋಜನೆಗಳಿಗೆ ನೆಲ ಕೊಟ್ಟ ಜಿಲ್ಲೆ ನಮ್ಮದು. ಒಂದು ಸುಸಜ್ಜಿತ ಆಸ್ಪತ್ರೆಗಾಗಿ ಇನ್ನೂ ಹೋರಾಡುತ್ತಿದ್ದೇವೆ, ಅಪಘಾತವಾದರೆ ಗೋವಾಕ್ಕೋ ಮಂಗಳೂರಿಗೋ ಓಡಬೇಕು. ಜಾಣ ಮಕ್ಕಳನ್ನು ಡೆಲ್ಫ್ಟ್‌ಗೆ ಕಳಿಸಿದರೆ ಅವರು ವಾಪಸ್ ಬರುತ್ತಾರಾ? ಅವರ ಜಾಣತನ ನಮಗೆ ಏನು ಕೊಟ್ಟ ಹಾಗಾಯಿತು?

ಕುಮಟೆಯಿಂದ_ಡೆಲ್ಫ್ಟ್

ಆಸ್ಪತ್ರೆಯ ವಿಷಯದಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ. ನಮ್ಮ ಮನೆಯವರೂ ರಾತ್ರಿ ಹೊತ್ತು ಮಂಗಳೂರಿಗೆ ಓಡಿದವರೇ. ಆದರೆ ಒಬ್ಬ ಹುಡುಗಿ ಭೌತಶಾಸ್ತ್ರ ಬಿಟ್ಟರೆ ಆಸ್ಪತ್ರೆ ಬರುವುದಿಲ್ಲ. ವಾಪಸ್ ಬರುವುದು ನಮ್ಮಲ್ಲಿ ಲ್ಯಾಬ್ ಇದ್ದರೆ ಮಾತ್ರ. ಲ್ಯಾಬ್ ಕಟ್ಟಲು ಕಲಿತವರು ಬೇಕು. ಎಲ್ಲಿಂದಲೋ ಶುರು ಆಗಲೇಬೇಕಲ್ಲ.

ಅಂಕೋಲೆ_ಲ್ಯಾಬ್_ಅಕ್ಕ

ಸದಾಶಿವಗಡದವರೆ, ಹೊರಗೆ ಹೋಗಲೇಬೇಕು ಅಂತಲೂ ಇಲ್ಲ. ಮುಂಬೈಯ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ)ನವರು ಹೈದರಾಬಾದಿನ ತಮ್ಮ ಬಲೂನ್ ಕೇಂದ್ರದಿಂದ 100 ಸೆಂಟಿಮೀಟರ್ ದೂರ ಇನ್‌ಫ್ರಾರೆಡ್ ದೂರದರ್ಶಕವನ್ನು ಹಾರಿಸಿಕೊಂಡು ಬಂದವರು. ಅಲ್ಲೇ ನ್ಯೂಟ್ರಿನೊ ಸಂಶೋಧನೆಗಾಗಿ ತವರವನ್ನು ತಣಿಸಿ ಡಿಟೆಕ್ಟರ್ ಮಾಡುವ ಕೆಲಸ ನಡೆದಿದೆ. ತವರವೂ 3.7 ಕೆಲ್ವಿನ್‌ಗಿಂತ ಕೆಳಗೆ ಸೂಪರ್‌ಕಂಡಕ್ಟರ್. ಬಿಸ್ಮತ್ ಕೂಡ 0.53 ಮಿಲಿಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ ಅಂತ ಜಗತ್ತಿಗೆ ಮೊದಲು ತೋರಿಸಿದ್ದೂ ಅವರೇ.

ಇನ್ನೊಂದು ದೊಡ್ಡ ವಿಷಯ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕವಾದ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗೆ ಬೇಕಾದದ್ದೂ ಅದೇ ಫ್ರಿಜ್, ಅದೇ ಅಲ್ಯೂಮಿನಿಯಂ ಪದರ, ಅದೇ ಮೈಕ್ರೋವೇವ್ ತಂತಿ. ಡಿಟೆಕ್ಟರ್ ಕಲಿತ ಹುಡುಗಿಗೆ ಅಲ್ಲೂ ಬಾಗಿಲು ತೆರೆದಿರುತ್ತದೆ. ತೋಟದಮನೆ ಭಾವನ ಪ್ರಶ್ನೆಗೂ ಇದೇ ಉತ್ತರ.

ತೋಟದಮನೆ_ಭಾವ

ಇದು ಸ್ವಲ್ಪ ಸಮಾಧಾನದ ಮಾತು. ಓದುವಾಗ ದುಡ್ಡು ಸಿಗುತ್ತದಾ?

ಕುಮಟೆಯಿಂದ_ಡೆಲ್ಫ್ಟ್

ಸಿಗುತ್ತದೆ ಭಾವ. ನಮ್ಮಲ್ಲಿ ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್) ಆದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆ ಬಾಡಿಗೆ ಭತ್ಯೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್.ಡಿ. ಅಂದರೆ ನೌಕರಿಯೇ, ಸಂಬಳ ಕೊಡುತ್ತಾರೆ. ಸಾಮಾನ್ಯವಾಗಿ ನಾಲ್ಕು ವರ್ಷ. ಯುರೋಪಿನ ಮಾರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳೂ ಇವೆ. ಹಲವು ದೇಶಗಳ ಲ್ಯಾಬ್‌ಗಳು ಸೇರಿ ಒಂದೇ ವಿಷಯದಲ್ಲಿ ಹತ್ತಾರು ಮಕ್ಕಳನ್ನು ತಯಾರು ಮಾಡುತ್ತವೆ. ಯಾವ ದೇಶದವರೂ ಅರ್ಜಿ ಹಾಕಬಹುದು. ಷರತ್ತು ಒಂದೇ ದೊಡ್ಡದು, ಕಳೆದ ಮೂರು ವರ್ಷಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ನಮ್ಮ ಹಳ್ಳಿಯಿಂದ ಹೋಗುವವರಿಗೆ ಇದು ಅಡ್ಡಿಯೇ ಅಲ್ಲ. ಒಂದು ಕಡೆ ಚಿಪ್ ಮಾಡಲು ಕಲಿತು, ಇನ್ನೊಂದು ಕಡೆ ಅದನ್ನು ತಣಿಸಿ ಪರೀಕ್ಷೆ ಮಾಡಿ, ಮತ್ತೊಂದು ಕಡೆ ಆಕಾಶದ ಡೇಟಾ ನೋಡುವ ಅವಕಾಶ. ನನ್ನ ಮಟ್ಟಿಗೆ ತರಬೇತಿ ಅಂದರೆ ಇದೇ. ಒಂದೇ ಮೂಲೆ ಕಲಿತವರು ಬೇರೆ ಮೂಲೆಯವರ ಜೊತೆ ಮಾತಾಡಲು ಬರದೆ ಯೋಜನೆಗಳೇ ತಡವಾಗುತ್ತವೆ.

ಸದಾಶಿವಗಡ

ದುಡ್ಡಿನ ಮಾತು ಒಪ್ಪಿದೆ. ಆದರೆ ರಾಕೆಟ್ ಬಿದ್ದರೆ? ಇಷ್ಟು ವರ್ಷದ ಕೆಲಸ ಸಮುದ್ರಪಾಲು.

ಹೊನ್ನಾವರ_ಅಕ್ಕೋರು

ಇದಕ್ಕೆ ನಿಜವಾದ ಒಂದು ಕಥೆ ಇದೆ, ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಜಪಾನ್ ಮತ್ತು ಅಮೆರಿಕದ ತಂಡ ಎಕ್ಸ್-ರೇ ಫೋಟಾನ್‌ನ ಶಾಖವನ್ನೇ ಅಳೆಯುವ ಉಪಕರಣ ಮಾಡಿತು. 2000ದ ಫೆಬ್ರವರಿಯಲ್ಲಿ ಅದನ್ನು ಹೊತ್ತ ಆಸ್ಟ್ರೋ-ಇ ಕಕ್ಷೆ ಸೇರಲೇ ಇಲ್ಲ. ಮತ್ತೆ ಮಾಡಿದರು. 2005ರ ಜುಲೈನಲ್ಲಿ ಸುಜಾಕು ಹಾರಿತು, ಮುಂದಿನ ತಿಂಗಳೇ ದ್ರವ ಹೀಲಿಯಂ ಎಲ್ಲ ಹೋಯಿತು. ಮತ್ತೆ ಮಾಡಿದರು. 2016ರ ಫೆಬ್ರವರಿ 17ರಂದು ಹಿಟೋಮಿ ಹಾರಿತು. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಬಿಸಿ ಅನಿಲವನ್ನು ಎಂದೂ ಕಾಣದಷ್ಟು ಸ್ಪಷ್ಟವಾಗಿ ನೋಡಿತು. ಮಾರ್ಚ್ 26ಕ್ಕೆ ಉಪಗ್ರಹ ಹಿಡಿತ ತಪ್ಪಿ ಗಿರಗಿರ ತಿರುಗಿ ಮುರಿದುಹೋಯಿತು. ಆ ತಂಡ ನಾಲ್ಕನೆಯ ಸಲ ಮಾಡಿತು. 2023ರ ಸೆಪ್ಟೆಂಬರ್ 7ರಂದು ಕ್ರಿಸಮ್ ಹಾರಿತು. 36 ಪಿಕ್ಸೆಲ್, 0.05 ಕೆಲ್ವಿನ್. ಡಿಟೆಕ್ಟರ್‌ನ ಎದುರಿನ ಒಂದು ಮುಚ್ಚಳ ತೆರೆಯದೆ ಕಡಿಮೆ ಶಕ್ತಿಯ ಎಕ್ಸ್-ರೇ ಒಳಗೆ ಬರುತ್ತಿಲ್ಲ, ಆದರೂ ಅದು ಕೆಲಸ ಮಾಡುತ್ತಿದೆ, ಫಲಿತಾಂಶ ಬರುತ್ತಿದೆ.

2000ದಲ್ಲಿ ವಿದ್ಯಾರ್ಥಿಯಾಗಿ ಸೇರಿದವರಿಗೆ ಈಗ ಕೂದಲು ಬೆಳ್ಳಗಾಗಿದೆ. ಅವರು ಬಿಡಲಿಲ್ಲ. ಕಲಿತದ್ದು ರಾಕೆಟ್ ಜೊತೆ ಸಮುದ್ರಕ್ಕೆ ಹೋಗಲಿಲ್ಲ, ಅವರ ಕೈಯಲ್ಲೇ ಉಳಿಯಿತು. ಹೊಸ ಮಕ್ಕಳಿಗೆ ದಾಟಿತು. ಅದಕ್ಕೇ ನಾಲ್ಕನೆಯದು ಸಾಧ್ಯವಾಯಿತು.

ಕಾಳಿ_ತೀರ

ಓದಿ ಮೈ ಜುಂ ಅಂತು ಅಕ್ಕೋರೆ. ಆದರೆ ಆ ಉಪಕರಣ ಸೂಪರ್‌ಕಂಡಕ್ಟರಾ?

ಹೊನ್ನಾವರ_ಅಕ್ಕೋರು

ಅಲ್ಲ, ಅದರ ಉಷ್ಣಮಾಪಕ ಸಿಲಿಕಾನ್. ತಣಿಸುವ ವಿದ್ಯೆ ಮಾತ್ರ ಒಂದೇ. ಅದರ ಮುಂದಿನ ಪೀಳಿಗೆ ಟಿಇಎಸ್.

ಪಶುವೈದ್ಯ_ಯಲ್ಲಾಪುರ

ಎಲ್ಲರೂ ಹೀಲಿಯಂ ಮಾತಾಡುತ್ತಿದ್ದೀರಿ. ಮಾಸ್ತರೆ, ದ್ರವ ಸಾರಜನಕ ನಿಮ್ಮ ತಾಲೂಕಿನಲ್ಲೇ ಇದೆ! ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಸ್ಟ್ರಾಗಳನ್ನು ಅದರಲ್ಲೇ ಇಡುವುದು. ಮೈನಸ್ 196 ಡಿಗ್ರಿ, ನಿಮ್ಮ ಲೆಕ್ಕದಲ್ಲಿ 77 ಕೆಲ್ವಿನ್. ಪ್ರಾಚಾರ್ಯರಿಂದ ಒಂದು ಪತ್ರ ಬರೆಸಿ ಪಶು ಇಲಾಖೆಯಲ್ಲೋ ಹಾಲು ಒಕ್ಕೂಟದಲ್ಲೋ ಕೇಳಿ. ಒಂದೆರಡು ಲೀಟರಿಗೆ ದಾರಿ ಸಿಕ್ಕರೂ ಸಿಗಬಹುದು. ಕಂಟೇನರ್ ಮಾತ್ರ ಅದಕ್ಕೆಂದೇ ಮಾಡಿದ್ದು ಆಗಿರಬೇಕು.

ಶಿರಸಿ_ಮಾಸ್ತರು

ಡಾಕ್ಟರೇ, ಬಹಳ ಉಪಕಾರ ಆಯಿತು. ವೈಬಿಸಿಒ ಅನ್ನುವ ಸಿರಾಮಿಕ್ 92 ಕೆಲ್ವಿನ್ ಹತ್ತಿರವೇ ಸೂಪರ್‌ಕಂಡಕ್ಟರ್ ಆಗುತ್ತದೆ, 1987ರಲ್ಲಿ ಸಿಕ್ಕಿದ್ದು. ದ್ರವ ಸಾರಜನಕ ಸಾಕು. ಮ್ಯಾಗ್ನೆಟ್ ತೇಲಿಸಿ ತೋರಿಸಬಹುದು.

ಹೊನ್ನಾವರ_ಅಕ್ಕೋರು

ಮಾಸ್ತರೆ, ಜೋಪಾನ. ಬೈಕಿನಲ್ಲಿ ಥರ್ಮಾಸ್ ಹಿಡಿದು ತರುವ ಕೆಲಸ ಬೇಡ. ಮುಚ್ಚಳ ಬಿಗಿದರೆ ಸಿಡಿಯುತ್ತದೆ, ಯಾಕೆಂದರೆ ಒಂದು ಲೀಟರ್ ದ್ರವ ಗ್ಯಾಸ್ ಆದಾಗ ಸುಮಾರು 700 ಲೀಟರ್. ಕಾರಿನಲ್ಲಿ ಕಿಟಕಿ ಮುಚ್ಚಿ ತರುವುದೂ ಅಪಾಯ, ಉಸಿರಾಡುವ ಆಮ್ಲಜನಕ ಕಡಿಮೆಯಾಗುವುದು ಗೊತ್ತೇ ಆಗುವುದಿಲ್ಲ. ಲ್ಯಾಬಿನ ಕಿಟಕಿ ಬಾಗಿಲು ತೆರೆದಿರಲಿ. ಕನ್ನಡಕ ಬೇಕೇ ಬೇಕು. ಹತ್ತಿಯ ಕೈಗವಸು ಬೇಡ, ಒದ್ದೆಯಾಗಿ ಕೈಗೆ ಅಂಟುತ್ತದೆ.

ಅಂಕೋಲೆ_ಲ್ಯಾಬ್_ಅಕ್ಕ

ಅಕ್ಕೋರ ಒಂದೊಂದು ಮಾತನ್ನೂ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ.

ಮತ್ತೆ ಸುಮ್ನೆ ಮ್ಯಾಗ್ನೆಟ್ ತೇಲಿಸಿ ಚಪ್ಪಾಳೆ ಹೊಡೆಸಿ ಬಿಡಬೇಡಿ. ವೈಬಿಸಿಒ ತುಂಡಿಗೆ ನಾಲ್ಕು ತಂತಿ ಕಟ್ಟಿ. ಹೊರಗಿನ ಎರಡರಲ್ಲಿ ಕರೆಂಟ್ ಕಳಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯಿರಿ. ಪಕ್ಕದಲ್ಲಿ ಒಂದು ಪ್ಲಾಟಿನಂ ಉಷ್ಣಮಾಪಕ. ದ್ರವದ ಮೇಲಿನ ಆವಿಯಲ್ಲಿ ನಿಧಾನವಾಗಿ ಇಳಿಸುತ್ತಾ ರೋಧದ ಗ್ರಾಫ್ ಬರೆಯಿಸಿ. 90ರ ಆಸುಪಾಸಿನಲ್ಲಿ ಅದು ಬೀಳುವ ಜಾಗ ಇದೆಯಲ್ಲ, ಟಿಇಎಸ್ ಕುಳಿತಿರುವುದು ಸರಿಯಾಗಿ ಅಂಥದ್ದೇ ಇಳಿಜಾರಿನಲ್ಲಿ. ನಿಮ್ಮ ಲ್ಯಾಬಿನಲ್ಲೇ ಮಕ್ಕಳು ಅದನ್ನು ಕಣ್ಣಾರೆ ನೋಡುತ್ತಾರೆ.

ಶಾಲ್ಮಲಾ_ಬಿಎಸ್ಸಿ

ಎಲ್ಲರಿಗೂ ನಮಸ್ಕಾರ. ಸರ್ ಹೇಳಿದ ವಿದ್ಯಾರ್ಥಿನಿ ನಾನೇ. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಸಂಬಳದ ವಿಷಯ ಕೇಳಿ ಅಪ್ಪ "ಹಾಗಾದರೆ ಪರೀಕ್ಷೆ ಬರೆ" ಅಂದರು. ಯಾವ ಪರೀಕ್ಷೆ ಬರೆಯಬೇಕು? ನಾನು ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಅದು ತೊಂದರೆ ಆಗುತ್ತದಾ?

ಕುಮಟೆಯಿಂದ_ಡೆಲ್ಫ್ಟ್

ತಂಗಿ, ನಾನೂ ಕನ್ನಡ ಮಾಧ್ಯಮವೇ. ಮೊದಲ ವರ್ಷ ಕಷ್ಟ, ಆಮೇಲೆ ಯಾರೂ ಕೇಳುವುದಿಲ್ಲ.

ಎಂ.ಎಸ್ಸಿ.ಗೆ ಜಾಮ್ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆ, ಫೆಬ್ರವರಿಯಲ್ಲಿ ಇರುತ್ತದೆ. ಅದರಿಂದ ಐಐಟಿಗಳ ಎಂ.ಎಸ್ಸಿ., ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ. ಎರಡಕ್ಕೂ ದಾರಿ ಇದೆ. ಜೆಸ್ಟ್ ಅನ್ನುವ ಪ್ರವೇಶ ಪರೀಕ್ಷೆಯನ್ನೂ ಬರೆ. ಟಿಐಎಫ್‌ಆರ್ ತನ್ನದೇ ಪರೀಕ್ಷೆ ನಡೆಸುತ್ತದೆ. ಅದಕ್ಕಿಂತ ಮೊದಲು ಬೇಸಿಗೆ ರಜೆ ಸುಮ್ಮನೆ ಕಳೆಯಬೇಡ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕು, ಎರಡು ತಿಂಗಳು ದೇಶದ ಯಾವುದಾದರೂ ಲ್ಯಾಬಿನಲ್ಲಿ ಇರಬಹುದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೂ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾರ್ಯಕ್ರಮ ಇದೆ. 2024ರ ಜನವರಿ 1ರಂದು ಹಾರಿದ ಇಸ್ರೋದ ಎಕ್ಸ್-ರೇ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ಅಲ್ಲಿಯೇ ಮಾಡಿದ್ದು. ಅದು ಸೂಪರ್‌ಕಂಡಕ್ಟರ್ ಅಲ್ಲ, ಆದರೆ ಉಪಗ್ರಹಕ್ಕೆ ಉಪಕರಣ ಹೇಗೆ ಕಟ್ಟುತ್ತಾರೆ, ಹೇಗೆ ಅಲುಗಾಡಿಸಿ ಪರೀಕ್ಷೆ ಮಾಡುತ್ತಾರೆ ಅಂತ ಹತ್ತಿರದಿಂದ ನೋಡಿದವರು ಅಲ್ಲಿದ್ದಾರೆ.

ಯಾಣ_ಕ್ರಾಸ್

ಪೈಥಾನ್ ಕಲಿತುಕೊ. ಡೇಟಾ ಇಲ್ಲದ ಲ್ಯಾಬ್ ಇಲ್ಲ.

ಅಂಕೋಲೆ_ಲ್ಯಾಬ್_ಅಕ್ಕ

ಬೆಸುಗೆ ಹಾಕುವುದನ್ನೂ. ಮತ್ತೆ ನಾಯ್ಸ್, ಅಂದರೆ ಸಿಗ್ನಲ್ ಜೊತೆ ಸೇರಿಕೊಳ್ಳುವ ಬೇಡದ ಗದ್ದಲದ ಬಗ್ಗೆ ಓದು ತಂಗಿ. ಸಿಗ್ನಲ್ ಬಗ್ಗೆ ಎಲ್ಲರೂ ಓದುತ್ತಾರೆ. ಪ್ಲಾಂಕ್‌ನ ಡಿಟೆಕ್ಟರ್‌ಗಳಿಗೆ ಹೆಚ್ಚುಕಡಿಮೆ ಸೆಕೆಂಡಿಗೊಂದು ಕಾಸ್ಮಿಕ್ ಕಣ ಬಡಿಯುತ್ತಿತ್ತು. ಆ ಪೆಟ್ಟುಗಳನ್ನು ಗುರುತಿಸಿ ತೆಗೆದು ಹಾಕಲು ಎಷ್ಟು ಜನ ಯುವ ಸಂಶೋಧಕರು ಬೆವರು ಹರಿಸಿದರೋ! ಭೂಮಿಯ ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಚಿಪ್ ಮೇಲೆ ಹೋದಾಗ ಹೇಗೆ ಇರುತ್ತದೆ ಅಂತ ಕೇಳುವ ಅಭ್ಯಾಸ ಈಗಲೇ ಆಗಲಿ.

ಸದಾಶಿವಗಡ

ತಂಗಿ, ನನ್ನ ತಕರಾರು ನಿನ್ನ ಮೇಲಲ್ಲ. ಹೋಗು, ಚೆನ್ನಾಗಿ ಓದು. ಆದರೆ ಈ ಮಾಸ್ತರರ ಪ್ರಯೋಗ ಶಿರಸಿಯಲ್ಲೇ ಮುಗಿಯಬಾರದು. ಕಾರವಾರ, ಅಂಕೋಲೆ, ಭಟ್ಕಳದ ಕಾಲೇಜಿನ ಮಕ್ಕಳೂ ನೋಡಲಿ. ಓಡಾಟದ ಖರ್ಚಿಗೆ ನಾನು ಒಂದಿಷ್ಟು ಜನರನ್ನು ಸೇರಿಸುತ್ತೇನೆ.

ಬೈತಖೋಲ್_ಐಸ್

ಗಾಡಿ ಬೇಕಾದರೆ ನನಗೆ ಹೇಳಿ. ತೆರೆದ ಪಿಕಪ್ ಇದೆ, ಗ್ಯಾಸ್ ನಿಲ್ಲುವ ಭಯ ಇಲ್ಲ. ಕಂಟೇನರ್ ಬೀಳದ ಹಾಗೆ ಕಟ್ಟುವುದು ನನ್ನ ಜವಾಬ್ದಾರಿ.

ಶಿರಸಿ_ಮಾಸ್ತರು

ದೇವಿಮನೆ ಘಟ್ಟದ ತಿರುವುಗಳಲ್ಲಿ ನಿಧಾನ ಬನ್ನಿ ಮಾರಾಯ್ರೆ. ಮಳೆ ಮುಗಿದ ಮೇಲೆ ಇಟ್ಟುಕೊಳ್ಳೋಣ. ಪ್ರಾಚಾರ್ಯರ ಜೊತೆ ಮಾತಾಡುತ್ತೇನೆ.

ಶಾಲ್ಮಲಾ_ಬಿಎಸ್ಸಿ

ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ ಉಳಿದಿದೆ. 1995ರಲ್ಲಿ ಅಮೆರಿಕದ ವಿಜ್ಞಾನಿ ಕೆಂಟ್ ಅರ್ವಿನ್ ಟಿಇಎಸ್‌ಗೆ ಸ್ಥಿರ ಕರೆಂಟ್ ಬದಲು ಸ್ಥಿರ ವೋಲ್ಟೇಜ್ ಕೊಟ್ಟ ಮೇಲೆ ಅದು ಸರಿಯಾಗಿ ಕೆಲಸ ಮಾಡತೊಡಗಿತು ಅಂತ ಓದಿದೆ. ಯಾಕೆ? ಎರಡರಲ್ಲೂ ರೋಧ ತಾನೇ ಬದಲಾಗುವುದು?

ಅಂಕೋಲೆ_ಲ್ಯಾಬ್_ಅಕ್ಕ

ಉತ್ತರ ಹೇಳುವುದಿಲ್ಲ. ಫೋಟಾನ್ ಬಿದ್ದು ಪದರ ಬಿಸಿಯಾಯಿತು, ರೋಧ ಏರಿತು ಅಂತ ಇಟ್ಟುಕೊ. ಎರಡೂ ಸಂದರ್ಭದಲ್ಲಿ ವಿದ್ಯುತ್ತಿನಿಂದ ಆಗುವ ಬಿಸಿ ಎಷ್ಟು ಅಂತ ಲೆಕ್ಕ ಹಾಕು.

ಶಾಲ್ಮಲಾ_ಬಿಎಸ್ಸಿ

ಕರೆಂಟ್ ಸ್ಥಿರ ಇದ್ದರೆ ಬಿಸಿ ಅಂದರೆ ಕರೆಂಟಿನ ವರ್ಗ ಗುಣಿಸು ರೋಧ. ರೋಧ ಏರಿದರೆ ಬಿಸಿಯೂ ಏರುತ್ತದೆ, ಅದರಿಂದ ರೋಧ ಮತ್ತೂ ಏರುತ್ತದೆ, ನಿಲ್ಲುವುದೇ ಇಲ್ಲ. ವೋಲ್ಟೇಜ್ ಸ್ಥಿರ ಇದ್ದರೆ ವೋಲ್ಟೇಜಿನ ವರ್ಗ ಭಾಗಿಸು ರೋಧ. ರೋಧ ಏರಿದರೆ ಬಿಸಿ ಇಳಿಯುತ್ತದೆ. ಪದರ ತಾನಾಗಿಯೇ ಮೊದಲಿನ ಜಾಗಕ್ಕೆ ಬರುತ್ತದೆ! ಮತ್ತೆ ಕರೆಂಟ್ ಎಷ್ಟು ಕಡಿಮೆಯಾಯಿತು ಅಂತ ನೋಡಿದರೆ ಫೋಟಾನ್ ತಂದ ಶಕ್ತಿ ಗೊತ್ತಾಗುತ್ತದೆ. ಸರಿಯಾ ಅಕ್ಕ?

ಅಂಕೋಲೆ_ಲ್ಯಾಬ್_ಅಕ್ಕ

ಪೂರ್ತಿ ಸರಿ. ಆ ಕರೆಂಟಿನ ಸಣ್ಣ ಇಳಿತವನ್ನು ಅಳೆಯುವುದು ಸ್ಕ್ವಿಡ್ ಅನ್ನುವ ಸೂಪರ್‌ಕಂಡಕ್ಟಿಂಗ್ ಮಾಪಕ, ಮುಂದೆ ಅದನ್ನು ಓದು.

ಬೈತಖೋಲ್_ಐಸ್

ಫೋಟಾನ್ ತೀರಾ ದೊಡ್ಡದು ಬಿದ್ದರೆ?

ಶಾಲ್ಮಲಾ_ಬಿಎಸ್ಸಿ

ಅಣ್ಣ, ಆಗ ಪದರ ಇಳಿಜಾರು ದಾಟಿ ಪೂರ್ತಿ ಸಾದಾ ಲೋಹ ಆಗಿಬಿಡುತ್ತದೆ ಅನ್ನಿಸುತ್ತದೆ. ರೋಧ ಅದಕ್ಕಿಂತ ಜಾಸ್ತಿ ಏರುವುದಿಲ್ಲ. ಹಾಗಾಗಿ ಎಷ್ಟು ದೊಡ್ಡದು ಅಂತ ಸರಿಯಾಗಿ ಹೇಳಲು ಬರುವುದಿಲ್ಲ, ತಣ್ಣಗಾಗುವ ತನಕ ಕಾಯಬೇಕು.

ಕುಮಟೆಯಿಂದ_ಡೆಲ್ಫ್ಟ್

ಹೌದು ತಂಗಿ. ಅದಕ್ಕೇ ಯಾವ ಶಕ್ತಿಯ ಫೋಟಾನ್ ಬರುತ್ತದೆ ಅಂತ ಮೊದಲೇ ನಿರ್ಧರಿಸಿ ಪದರದ ಗಾತ್ರ, ಶಾಖ ಹಿಡಿಯುವ ಸಾಮರ್ಥ್ಯ ಆರಿಸುತ್ತಾರೆ. ಜಾಮ್ ಅರ್ಜಿ ತೆರೆದಾಗ ನನಗೆ ಮೆಸೇಜ್ ಮಾಡು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಟ್ಟಿಗೆ ಕೂತು ಬಿಡಿಸೋಣ. ಭಾನುವಾರ ಸಂಜೆ ನಿನಗೆ ಆಗುತ್ತದಾ?

ಶಾಲ್ಮಲಾ_ಬಿಎಸ್ಸಿ

ಆಗುತ್ತದೆ ಅಕ್ಕ. ನಮ್ಮಲ್ಲಿ ಏಳು ಗಂಟೆ ಮೇಲೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ.